ಬಾಯವ್ವನ ಮುಂದೆ ಎರಡನೆಯ ಸಲ

ನಮ್ಮ ಊರಿನಲ್ಲಿ ಬಾಡಿಗೆ ಮನೆ ನೋಡಲು ಹೋದವರು ನೀರು ಬರುತ್ತದೆಯೇ ಎಂದು ಮೊದಲು ಕೇಳುವುದಿಲ್ಲ. ಖಾಲಿ ಮನೆಯ ನಡುವೆ ಚಾಪೆ ಹಾಸಿಕೊಂಡು ಒಂದು ಮಧ್ಯಾಹ್ನ ಪೂರ್ತಿ ಸುಮ್ಮನೆ ಕೂರುತ್ತಾರೆ. ಪಡಸಾಲೆಯಲ್ಲಿ ಸ್ವಲ್ಪ ಹೊತ್ತು, ಅಡುಗೆಮನೆಯಲ್ಲಿ ಸ್ವಲ್ಪ ಹೊತ್ತು, ಬಚ್ಚಲಲ್ಲಿ ಸ್ವಲ್ಪ ಹೊತ್ತು. ಹಿಂದೆ ಇದ್ದವರು ಯಾವ ಯಾವ ಮಾತು ಬಿಟ್ಟುಹೋಗಿದ್ದಾರೆ ಎಂದು ಕೇಳಿಸಿಕೊಳ್ಳದೆ ಯಾರೂ ಮುಂದಿನ ಮಾತಿಗೆ ಬರುವುದಿಲ್ಲ. ಬೀದಿಯಲ್ಲಿ ಆಡಿದ್ದನ್ನು ಗಾಳಿ ಒಯ್ಯುತ್ತದೆ. ಸೂರಿನ ಕೆಳಗೆ ಆಡಿದ್ದು ಮಾತ್ರ ನುಸಿಯ ಹಾಗೆ, ನೊಣದ ಹಾಗೆ, ಕೆಲವು ಸಲ ಕಣಜದ ಹಾಗೆ ಅಲ್ಲೇ ಸುತ್ತುತ್ತ ಇರುತ್ತದೆ.

ಗಾಣಿಗೇರ ಓಣಿಯ ಮೂಲೆಮನೆಯಲ್ಲಿ ಯಾವ ಕಾಲದಲ್ಲೋ ಒಬ್ಬ ಮುತ್ತಜ್ಜ ತನ್ನ ಮಗನಿಗೆ ‘ನಿನ್ನ ಮಾರಿ ತೋರಿಸಬ್ಯಾಡ’ ಅಂದಿದ್ದನಂತೆ. ಅಂದದ್ದೇ ತಡ, ಎದೆ ಹಿಡಿದುಕೊಂಡು ಹೋಗಿಬಿಟ್ಟ. ಈಗ ಅಪ್ಪನೂ ಇಲ್ಲ, ಮಗನೂ ಇಲ್ಲ, ಮಾತು ಮಾತ್ರ ಗಟ್ಟಿಮುಟ್ಟಾಗಿದೆ. ಆ ಮನೆಯವರು ಇವತ್ತಿಗೂ ಹೊಸ್ತಿಲು ದಾಟುವಾಗ ಮುಖವನ್ನು ಪಕ್ಕಕ್ಕೆ ತಿರುಗಿಸಿಕೊಂಡೇ ಒಳಗೆ ಹೋಗುತ್ತಾರೆ. ಅಭ್ಯಾಸಬಲದಿಂದ ಬೇರೆಯವರ ಮನೆಗೂ ಹಾಗೆಯೇ ಬರುವುದರಿಂದ ಮದುವೆಗಳಲ್ಲಿ ಅವರನ್ನು ಗುರುತಿಸುವುದು ಸುಲಭ.

ಇಂಥ ಊರಿನಲ್ಲಿ ಜನ ಹುಚ್ಚು ಹಿಡಿಯದೆ ಬಾಳುತ್ತಿರುವುದು ಮನೆಮನೆಯ ಮೂರು ಗಿಡಗಳ ದಯೆಯಿಂದ. ಇಲ್ಲಿಯದು ಕೆರೆಯಂಚಿನ ಜೌಗು ಮಣ್ಣು, ಅಕ್ಕಿ ತೊಳೆದ ಹಾಗೆ ತೊಳೆದಿಟ್ಟ ಮಣ್ಣು. ಸತ್ವ ಎಂಬುದೇ ಇಲ್ಲ. ಬೇರಿಗೆ ಏನೂ ಸಿಗದ ಮೇಲೆ ಗಿಡಗಳಾದರೂ ಏನು ಮಾಡಬೇಕು, ಹಾರುವುದನ್ನು ಹಿಡಿದು ತಿನ್ನುವುದನ್ನು ಕಲಿತವು. ಒಂದೇ ಮನೆತನದ ಮೂವರು ಅಕ್ಕತಂಗಿಯರು. ಹಿರಿಯವಳು ಅಂಟಕ್ಕ. ಕಿಟಕಿಯಲ್ಲಿರುತ್ತಾಳೆ. ಚಮಚದಂಥ ಎಲೆಗಳ ತುಂಬ ಕೆಂಪು ಕೂದಲು, ಕೂದಲ ತುದಿಗೊಂದೊಂದು ಇಬ್ಬನಿ ಹನಿ. ಎಂಥ ಬಿಸಿಲಿಗೂ ಆರದ ಹನಿ. ಬದನೆಕಾಯಿಯ ವಿಚಾರ, ಮಳೆಯ ವಿಚಾರ, ಪಕ್ಕದ ಮನೆಯವರ ವಿಚಾರ, ಇಂಥ ಹಗುರ ಮಾತೆಲ್ಲ ಅವಳ ಮೇಲೆ ಕೂತು ಅಂಟಿಕೊಳ್ಳುತ್ತದೆ. ಅವಳು ಅವಸರವಿಲ್ಲದೆ ಎಲೆ ಸುರುಳಿ ಸುತ್ತುತ್ತಾಳೆ. ಕಿರಿಯವಳು ನೀರವ್ವ. ಬೇರಿಲ್ಲ, ನೆಲ ಬೇಕಿಲ್ಲ, ಬಚ್ಚಲ ತೊಟ್ಟಿಯಲ್ಲಿ ತೇಲಿಕೊಂಡಿರುತ್ತಾಳೆ. ಮೀಯುವಾಗ ಜನ ಹಾಡುವುದನ್ನೂ ಗೊಣಗುವುದನ್ನೂ ಕಣ್ಣಿಗೆ ಕಾಣದಷ್ಟು ಸಣ್ಣ ಬಾಯಿಗಳಿಂದ ಮುಗಿಸುತ್ತಾಳೆ. ನಡುವಿನವಳು ಬಾಯವ್ವ. ಎರಡು ಹಸಿರು ಅಂಗೈ ಜೋಡಿಸಿದಂಥ ಎಲೆ, ಅಂಚಿಗೆ ಸುತ್ತಲೂ ಹಲ್ಲು, ಒಳಗೆ ಮೂರೇ ಮೂರು ಕೂದಲು. ಭಾರದ ಮಾತಿಗೆ ಅವಳೇ ಬೇಕು. ನೋಡಿದರೆ ಮೂವರಿಗೂ ಹೋಲಿಕೆಯೇ ಇಲ್ಲ, ಹೂ ಬಿಟ್ಟಾಗ ಮಾತ್ರ ಒಂದೇ ಹೊಟ್ಟೆಯವರೆಂದು ತಿಳಿಯುತ್ತದೆ: ಐದೆಸಳಿನ ಬಡ ಬಿಳಿ ಹೂವು. ಬಾಯವ್ವನಂತೂ ತನ್ನ ಬಾಯಿಗೆ ತಾನೇ ಹೆದರಿದವಳ ಹಾಗೆ ಗೇಣುದ್ದದ ಕಡ್ಡಿ ಎತ್ತಿ ಅದರ ತುದಿಯಲ್ಲಿ ಹೂವಿಡುತ್ತಾಳೆ. ಹರಿತ ನಾಲಿಗೆಯವರೆಲ್ಲ ಕಲಿಯಬೇಕಾದ ಜಾಣತನ.

ಬಾಯವ್ವನಿಗೆ ಒಂದು ಕಟ್ಟುನಿಟ್ಟಿದೆ. ಒಂದೇ ಸಲ ಆಡಿದ ಮಾತು ಎಷ್ಟು ಮುಟ್ಟಿದರೂ ಮುಚ್ಚುವುದಿಲ್ಲ. ಅದೇ ಮಾತು, ಅದೇ ಬಾಯಿಂದ, ಎರಡನೆಯ ಸಲ ಬಂದಾಗ ಎರಡನ್ನೂ ಹಿಡಿದು ಟಪ್ಪನೆ ಮುಚ್ಚಿಕೊಳ್ಳುತ್ತಾಳೆ. ಆದ್ದರಿಂದ ನಮ್ಮಲ್ಲಿ ಬೈದವರು ಕ್ಷಮೆ ಕೇಳುವ ರೂಢಿ ಇಲ್ಲ. ದೀಪ ಹಚ್ಚುವ ಹೊತ್ತಿಗೆ ಬೈಸಿಕೊಂಡವರು ಬಾಯವ್ವನ ಕುಂಡ ಎತ್ತಿ ಹಿಡಿಯುತ್ತಾರೆ, ಬೈದವರು ಅದರ ಮುಂದೆ ಬಗ್ಗಿ ಅದೇ ಬೈಗುಳವನ್ನು ಇನ್ನೊಂದು ಸಲ ಹೇಳುತ್ತಾರೆ. ಅಲ್ಲಿಗೆ ಮುಗಿಯಿತು. ‘ಎರಡನೇದು ಆತೇನು?’ ಎಂದು ಓಣಿಯ ಹೆಂಗಸರು ಕೇಳಿದರೆ ಜಗಳ ಬಗೆಹರಿಯಿತೇ ಎಂದು ಅರ್ಥ. ಇದೇ ಕಾರಣಕ್ಕೆ ಪ್ರೀತಿಯ ಮಾತನ್ನು ಇಲ್ಲಿ ಯಾರೂ ಎರಡು ಸಲ ಆಡುವುದಿಲ್ಲ. ಹೊರಗಿನಿಂದ ಬಂದವರು ಈ ಊರಿನ ಜನ ಕಲ್ಲು ಎನ್ನುತ್ತಾರೆ.

ನಾನೂ ಹೊರಗಿನಿಂದ ಬಂದವಳು. ಗುಡ್ಡದ ಆಚೆಯ ನನ್ನ ತವರಿನಲ್ಲಿ ಮಾತು ಆಡಿದಲ್ಲೇ ಸಾಯುತ್ತದೆ, ಅದಕ್ಕೇ ಎಲ್ಲರೂ ಎಲ್ಲವನ್ನೂ ಮತ್ತೆ ಮತ್ತೆ ಹೇಳುತ್ತಾರೆ. ಬಸ್ಸು ಹತ್ತಿಸುವಾಗ ನಮ್ಮವ್ವ ‘ಹುಷಾರವಾ ಇಂದೂ’ ಎಂದು ಅಂದದ್ದೆಷ್ಟು ಸಲವೋ, ಕೊನೆಗೆ ಕಂಡಕ್ಟರೇ ‘ಹುಷಾರ ಇರ್ತಾಳ ಬಿಡವಾ ಯವ್ವಾ’ ಅಂದ. ಮದುವೆಯಾದ ಹೊಸದರಲ್ಲಿ ನನ್ನ ಗಂಡ ಮಹಾರುದ್ರ ಒಂದು ದಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ‘ನೀ ನಕ್ಕರ ಮನಿ ಬೆಳಕಾಗತೈತಿ’ ಅಂದರು. ಇನ್ನೊಮ್ಮೆ ಕೇಳುವ ಆಸೆಗೆ ನಾನು ‘ಏನಂದ್ರಿ?’ ಅಂದೆ. ಅವರ ಮುಖ ಬಿಳಿಚಿಕೊಂಡಿತು; ಬಾಯಿಗೆ ಕೈ ಅಡ್ಡ ಹಿಡಿದುಕೊಂಡು ಹೊರಗೆ ಹೋದವರು ಊಟದ ಹೊತ್ತಿಗೇ ಬಂದದ್ದು. ಆ ಮಾತು ಈಗಲೂ ಅಟ್ಟದ ಹತ್ತಿರ ಇದೆ. ಅವರು ಪಂಪು ರಿಪೇರಿ ಮಾಡುವವರು, ಮಾತಿಗೆ ಬಡವರು. ನಮ್ಮ ಕಿಟಕಿಯ ಅಂಟಕ್ಕ ಓಣಿಯಲ್ಲೇ ಅತಿ ಸೊರಗಿದವಳಾಗಿದ್ದಳು, ಹೂ ಬಿಟ್ಟಿದ್ದನ್ನು ಯಾರೂ ನೋಡಿರಲಿಲ್ಲ.

ಮನೆಯ ಯಜಮಾನಿಕೆ ನಮ್ಮ ಅತ್ತೆ ನೀಲಗಂಗವ್ವನವರದು. ಗಂಡ ತೀರಿಕೊಂಡು ಬಹಳ ಕಾಲವಾಗಿತ್ತು. ಅವರು ಕೊನೆಯ ಸಲ ಹೊರಟಾಗ ಅಂದ ‘ಬರ್ತೀನಿ’ ಎಂಬ ಒಂದು ಮಾತು ತಲೆಬಾಗಿಲ ಬಳಿ ಉಳಿದಿತ್ತು. ಅದು ಕೇಳಿದಾಗಲೆಲ್ಲ ಅತ್ತೆ ಕೆಲಸ ನಿಲ್ಲಿಸಿ ‘ಹೂಂ’ ಎನ್ನುತ್ತಿದ್ದರು. ಈ ಮನೆಯ ಅಂಟಕ್ಕ, ಬಾಯವ್ವ, ನೀರವ್ವ ಮೂವರನ್ನೂ ಅತ್ತೆ ತಮ್ಮ ತವರಿನಿಂದ ತಂದಿದ್ದರು. ನಾನು ತವರಿನಿಂದ ತಂದದ್ದು ಒಂದು ಟ್ರಂಕು ಪುಸ್ತಕ; ಅವುಗಳ ದೆಸೆಯಿಂದಲೇ ಊರಿನ ವಾಚನಾಲಯದ ಕೆಲಸವೂ ಸಿಕ್ಕಿತ್ತು. ಎರಡರಲ್ಲಿ ಯಾವುದು ಮನೆಗೆ ಉಪಯೋಗ ಎಂಬುದರ ಬಗ್ಗೆ ನಮ್ಮಿಬ್ಬರಿಗೂ ಖಚಿತ ಅಭಿಪ್ರಾಯಗಳಿದ್ದವು.

ಬಂದ ಮೊದಲ ಬೇಸಿಗೆಯಲ್ಲಿ ಅತ್ತೆ ವರ್ಷಕ್ಕಾಗುವಷ್ಟು ಶಾವಿಗೆ ಹೊಸೆದು ಅಂಗಳದಲ್ಲಿ ಹಗ್ಗದ ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ಒಣಗಲು ಹಾಕಿದರು. ಇನ್ನೊಂದು ಹೊರಸಿನ ಮೇಲೆ ನಾನು ಥಂಡಿ ಹಿಡಿದ ಪುಸ್ತಕಗಳನ್ನು ಬಿಸಿಲಿಗಿಟ್ಟೆ. ಅತ್ತೆ ಹಿತ್ತಲಲ್ಲಿದ್ದರು. ಅಡ್ಡಮಳೆ ಹೇಳದೆ ಕೇಳದೆ ಬಂತು. ನಾನು ಓಡಿಹೋಗಿ ಎರಡು ತೋಳಿನಲ್ಲಿ ಅಪ್ಪಿ ಒಳಗೆ ತಂದದ್ದು ಪುಸ್ತಕಗಳನ್ನು. ತಿರುಗಿ ನೋಡುವಷ್ಟರಲ್ಲಿ ವರ್ಷದ ಶಾವಿಗೆ ಸೀರೆಯ ಮೇಲೆ ಹಿಟ್ಟಾಗಿತ್ತು.

ಅತ್ತೆ ಬಂದು ನೋಡಿದರು. ಕೂಗಾಡಲಿಲ್ಲ. ನನ್ನ ತೋಳಿನಲ್ಲಿದ್ದ ಪುಸ್ತಕಗಳನ್ನೊಮ್ಮೆ, ಹೊರಸನ್ನೊಮ್ಮೆ ನೋಡಿ, ‘ನೀ ಈ ಮನಿಗೆ ಬರಬಾರದಿತ್ತು’ ಅಂದರು.

ಅಷ್ಟೇ. ಮಾತು ಅವರ ಬಾಯಿಂದ ಹೊರಟು ಪಡಸಾಲೆಯಲ್ಲಿ ಒಂದು ಸುತ್ತು ಹಾಕಿದ್ದು ನನಗೆ ಕೇಳಿಸಿತು. ಕಣಜದ ಸದ್ದು. ಅಂಟಕ್ಕನ ಮೇಲೆ ಕೂತು, ಕೊಡವಿಕೊಂಡು ಎದ್ದಿತು. ಪರವಾಗಿಲ್ಲ ಅಂದುಕೊಂಡೆ, ದೀಪ ಹಚ್ಚುವಾಗ ಕುಂಡ ಹಿಡಿದರಾಯಿತು. ಕುಂಡವನ್ನು ಒರೆಸಿಯೂ ಇಟ್ಟೆ. ಆದರೆ ದೀಪ ಹಚ್ಚುವ ಮೊದಲೇ ಅತ್ತೆ ಹಿತ್ತಲ ಕಲ್ಲಿನ ಮೇಲೆ ಸೀರೆ ಹಿಂಡುತ್ತಿದ್ದವರು ಹಾಗೇ ವಾಲಿಕೊಂಡರು. ಲಕ್ವಾ. ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗೈ ಬಲಗಾಲು ಸೋತಿದ್ದವು, ಬಾಯಲ್ಲಿ ಉಳಿದಿದ್ದದ್ದು ‘ಹೂಂ’ ಒಂದೇ. ಇನ್ನೊಂದು ಸಲ ಹೀಗಾದರೆ ಕಷ್ಟ ಎಂದು ಡಾಕ್ಟರು ನನ್ನ ಗಂಡನಿಗೆ ಹೇಳಿದ್ದರು. ಅವರು ಅದನ್ನು ನನಗೆ ಬೀದಿಯಲ್ಲಿ ನಿಂತು ಹೇಳಿದರು, ಮನೆಯೊಳಗೆ ಆ ಮಾತು ಬರಬಾರದೆಂದು.

ಮನೆಯೊಳಗೆ ಇದ್ದ ಮಾತೇ ಸಾಕಾಗಿತ್ತು. ನಾನು ರೊಟ್ಟಿ ತಟ್ಟುವಾಗ ಕಿವಿಯ ಹತ್ತಿರ ಬಂದು ಅಂದುಹೋಗುತ್ತಿತ್ತು: ನೀ ಈ ಮನಿಗೆ ಬರಬಾರದಿತ್ತು. ಅತ್ತೆಯ ಬಾಯಿ ತೊಳೆದು, ಕೂದಲು ಬಾಚಿ, ಅಂಬಲಿ ಕುಡಿಸುವಾಗ ನಮ್ಮಿಬ್ಬರ ನಡುವೆ ಹಾದುಹೋಗುತ್ತಿತ್ತು: ನೀ ಈ ಮನಿಗೆ ಬರಬಾರದಿತ್ತು. ಆಗೆಲ್ಲ ಅತ್ತೆ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದರು. ನನ್ನ ಮುಖ ನೋಡಲೂ ಇವರಿಗೆ ಬೇಡವಾಗಿದೆ ಎಂದು ನಾನು ತಿಳಿದೆ. ಹಾಗೆ ತಿಳಿಯುವುದು ಸುಲಭ, ಮನೆಯ ಗಾಳಿಯೇ ಅದನ್ನು ಹೇಳುತ್ತಿತ್ತಲ್ಲ. ಒಂದು ದಿನ ಅವರು ಎಡಗೈಯ ಎರಡು ಬೆರಳು ಎತ್ತಿ ತೋರಿಸಿದರು. ಹಸಿವಾಗಿರಬೇಕೆಂದು ಎರಡು ರೊಟ್ಟಿ ಮುರಿದು ಹಾಲಲ್ಲಿ ನೆನೆಸಿ ತಂದೆ. ತಟ್ಟೆ ದೂಡಿದರು. ಮತ್ತೆ ಎರಡು ಬೆರಳು. ಕಣ್ಣಲ್ಲಿ ನೀರು.

ಪಕ್ಕದ ಮನೆಯ ಪಾರೋತೆವ್ವ ಮೊಸರು ಕೇಳಲು ಬಂದವಳು ಬಾಗಿಲಲ್ಲೇ ನಿಂತು ನೋಡುತ್ತಿದ್ದಳು. ‘ಶಾಣ್ಯಾಕಿ ಅಂತ ವಾಚನಾಲಯದಾಗ ಕುಂಡ್ರಿಸ್ಯಾರ ನಿನ್ನ,’ ಅಂದಳು. ‘ಎರಡ ರೊಟ್ಟಿ ಅಲ್ಲವಾ ಅದು. ಎರಡನೇದು. ಎರಡನೇದು ಅನ್ನಾಕ ಆಗವಲ್ದು ಅಂತ ಅಳ್ಳಿಕ್ಕ ಹತ್ಯಾರ.’

ಗೋಡೆಯ ಕಡೆ ತಿರುಗುತ್ತಿದ್ದದ್ದು ನಾಚಿಕೆಯಿಂದ ಎಂದು ಆಗ ತಿಳಿಯಿತು. ‘ಹೌದೇನ್ರಿ ಅತ್ತೀ?’ ಅಂದೆ.

‘ಹೂಂ,’ ಅಂದರು.

ಪಾರೋತೆವ್ವ ದನಿ ತಗ್ಗಿಸಿದಳು. ‘ಇವರು ಹಿಂಗ ಹೋದ್ರಂದ್ರ ಆ ಮಾತು ಗಾಣಿಗೇರ ಮುತ್ಯಾನ ಮಾತಿನಂಗ ಕಾಯಂ ಆಕ್ಕತಿ. ನೀ ಇರೂತನಕ ಅಲ್ಲ, ನಿನ್ನ ಸೊಸಿ, ಆಕಿ ಸೊಸಿ, ಬಂದ ಬಂದಾಕಿಗೆಲ್ಲ ಅದ ಸ್ವಾಗತ.’

ಹೀಗೆ ಆ ಮನೆಯಲ್ಲಿ, ಅತ್ತೆಗೆ ಬೈಯುವುದನ್ನು ಸೊಸೆ ಕಲಿಸುವ ಪಾಠ ಆರಂಭವಾಯಿತು. ಅಷ್ಟರಲ್ಲಿ ಪಾರೋತೆವ್ವನಿಗೆ ಇದಕ್ಕಿಂತ ಸುಲಭದ ದಾರಿ ಹೊಳೆಯಿತು. ಅವಳ ಅಣ್ಣ ಕಲ್ಲೇಶಪ್ಪ ನಾಟಕ ಕಂಪನಿಯಲ್ಲಿ ಸ್ತ್ರೀಪಾತ್ರ ಮಾಡಿ ನಿವೃತ್ತನಾದವನು, ಯಾರ ದನಿಯನ್ನಾದರೂ ತೆಗೆಯಬಲ್ಲ. ಬಂದ. ಸೀರೆ ಉಡದೆ ದನಿ ಬರುವುದಿಲ್ಲವೆಂದು ಅತ್ತೆಯದೇ ಇಳಕಲ್ ಸೀರೆ ಉಟ್ಟು, ಸೆರಗು ಹೊದ್ದು, ಬಾಯವ್ವನ ಮುಂದೆ ಸೊಂಟದ ಮೇಲೆ ಕೈಯಿಟ್ಟು ನಿಂತು, ‘ನೀ ಈ ಮನಿಗೆ ಬರಬಾರದಿತ್ತು’ ಅಂದ. ಮಲಗಿದ್ದ ಅತ್ತೆ ಬೆಚ್ಚಿ ಕಣ್ಣು ತೆರೆದರು. ಬಾಯವ್ವ ಮುಚ್ಚಲು ಹೊರಟವಳು ಅರ್ಧಕ್ಕೆ ನಿಂತಳು, ಯಾರೋ ಹೊರಗಿನವರು ಎಂದು ಗೊತ್ತಾಗಿ ಬಾಗಿಲು ಓರೆ ಮಾಡಿ ನಿಲ್ಲುವ ಮುದುಕಿಯ ಹಾಗೆ. ಸ್ವಲ್ಪ ಹೊತ್ತಿಗೆ ಮತ್ತೆ ತೆರೆದುಕೊಂಡಳು. ‘ಇಡೀ ಥೇಟರಿಗೆ ಥೇಟರೇ ಎದ್ದು ನಿಂತೈತಿ ಈ ದನಿಗೆ,’ ಎಂದು ಕಲ್ಲೇಶಪ್ಪ ಬೇಸರದಿಂದ ಸೀರೆ ಬಿಚ್ಚಿದ. ‘ಗಿಡಕ್ಕ ಅಭಿರುಚಿ ಇಲ್ಲ.’

ಪಾಠ ಮುಂದುವರಿಯಿತು. ಮಧ್ಯಾಹ್ನ ವಾಚನಾಲಯ ಮುಚ್ಚಿ ಬಂದ ಮೇಲೆ ಅತ್ತೆಯನ್ನು ಗೋಡೆಗೆ ಒರಗಿಸಿ ಕೂರಿಸಿ, ನಾನು ಎದುರಿಗೆ ಕೂತು, ‘ನೀ’ ಎನ್ನುತ್ತಿದ್ದೆ. ಅವರು ತುಟಿ ಎಳೆದು, ಬೆವತು, ‘ಹೂಂ’ ಎನ್ನುತ್ತಿದ್ದರು. ವಾಕ್ಯ ಪೂರ್ತಿ ಹೇಳಿ ತೋರಿಸುವುದೂ ಅಪಾಯವೇ ಆಯಿತು: ನಾನು ಎರಡು ಸಲ ಹೇಳಿದೊಡನೆ ಬಾಯವ್ವ ನನ್ನ ಮಾತನ್ನೇ ಹಿಡಿದು ತಿನ್ನುತ್ತಿದ್ದಳು. ಒಂದು ಎಲೆ ಕೆಲವು ಸಲ ಮುಚ್ಚಿದರೆ ಮುಗಿಯಿತು, ಕಪ್ಪಾಗಿ ಉದುರುತ್ತದೆ. ಎರಡು ಎಲೆ ಹಾಗೆ ಹೋದ ಮೇಲೆ ಪಾಠದ ಹೊತ್ತಿಗೆ ಕುಂಡವನ್ನು ಹೊರಗೆ ಕಟ್ಟೆಯ ಮೇಲೆ ಇಡತೊಡಗಿದೆ. ಓಣಿಯಲ್ಲಿ ಹೋಗುವವರಿಗೆ ನಮ್ಮ ಕಿಟಕಿಯಿಂದ ಕೇಳಿಸುತ್ತಿದ್ದದ್ದು ನನ್ನ ದನಿ ಮಾತ್ರ: ‘ನೀ ಈ ಮನಿಗೆ, ಅನ್ರಿ ಅತ್ತೀ, ನೀ ಈ ಮನಿಗೆ.’ ಮುದುಕಿಯನ್ನು ಮನೆಯಿಂದ ಹೊರಹಾಕುತ್ತಿದ್ದಾಳೆ ಎಂಬ ಸುದ್ದಿ ಸಂತೆಯವರೆಗೂ ಹೋಯಿತು.

ಮಳೆಗಾಲದ ನಡುವೆ ಒಂದು ದಿನ ಅವರು ಬೀಸುವ ಪದದ ಧಾಟಿಯನ್ನು ಗುನುಗುವುದು ಕೇಳಿತು. ಮಾತು ಸೋತ ನಾಲಿಗೆಗೆ ರಾಗ ಉಳಿದಿತ್ತು. ನಾನು ಆ ಧಾಟಿಗೇ ಬೈಗುಳವನ್ನು ಕೂರಿಸಿದೆ. ಇಬ್ಬರೂ ಬೀಸುಕಲ್ಲಿನ ಮುಂದೆ ಕೂತವರ ಹಾಗೆ ತೂಗುತ್ತ, ನೀ ಈ ಮನಿಗೆ ಬರಬಾರದಿತ್ತು ಎಂದು ಹಾಡುವುದು. ನನ್ನ ಗಂಡ ಒಂದು ದಿನ ಪಂಪು ಹೆಗಲ ಮೇಲಿಟ್ಟುಕೊಂಡು ಬಾಗಿಲಿಗೆ ಬಂದವರು ಇದನ್ನು ಕೇಳಿ, ಪಂಪು ಇಳಿಸದೆ ಹಾಗೇ ವಾಪಸು ಹೋದರು. ಮೈ ತೊಳೆಯುವ ಹೊತ್ತಿನಲ್ಲಿ ಅತ್ತೆ ಒಂದು ಸಲ ಪೂರ್ತಿ ಹಾಡಿದರು. ನಾನು ಚೊಂಬು ಬಿಟ್ಟು ಕುಂಡ ತರಲು ಓಡಿದೆ. ಬರುವಷ್ಟರಲ್ಲಿ ಹಾಡು ತೊಟ್ಟಿಗೆ ಇಳಿದು ನೀರವ್ವನ ಪಾಲಾಗಿತ್ತು. ಹಾಡಿದ್ದೆಲ್ಲ ಅವಳದು, ಬಾಯವ್ವನಿಗೆ ಆಡಿದ್ದೇ ಬೇಕು.

ರಾಗದಿಂದ ಮಾತನ್ನು ಬಿಡಿಸುವುದಕ್ಕೆ ಚಳಿಗಾಲ ಪೂರ್ತಿ ಬೇಕಾಯಿತು. ಆ ತಿಂಗಳುಗಳಲ್ಲಿ ಮುರುಕು ಮಾತುಗಳು ಮನೆ ತುಂಬಿದವು. ‘ನೀ ಈ’, ‘ಮನಿ’, ‘ಬರ’, ‘ದಿತ್ತು’, ಹೀಗೆ ರೆಕ್ಕೆ ಮೂಡದ ಹುಳಗಳ ಹಾಗೆ. ಹಗುರವಾದವು, ಅಂಟಕ್ಕನಿಗೆ ಸರಿಹೋದವು. ಅವಳು ತಿಂದದ್ದೇ ತಿಂದದ್ದು. ಎಲೆಗಳು ಕೆಂಪೇರಿದವು, ನಡುವಿನಿಂದ ಕಡ್ಡಿ ಎದ್ದಿತು, ಒಂದು ಬೆಳಿಗ್ಗೆ ನಮ್ಮ ಕಿಟಕಿಯಲ್ಲಿ ಹೂ ಅರಳಿತ್ತು. ಪಾರೋತೆವ್ವ ಅದನ್ನು ನೋಡಲು ಓಣಿಯನ್ನೆಲ್ಲ ಕರೆತಂದಳು. ಅತ್ತೆ ಎಡಗೈಯಿಂದ ಆ ಹೂವನ್ನು ನನಗೆ ತೋರಿಸಿ, ಮತ್ತೆ ನನ್ನ ಎದೆ ಮುಟ್ಟಿ, ‘ಹೂಂ’ ಅಂದರು. ಬೈಗುಳದ ಚೂರುಗಳಿಂದ ಬೆಳೆದ ಹೂವನ್ನು ಮುಡಿಗಿಟ್ಟುಕೊಂಡ ಸೊಸೆ ನಾನೊಬ್ಬಳೇ ಇರಬೇಕು.

ಬೇಸಿಗೆ ಬಂತು. ಅತ್ತೆಗೆ ಈಗ ಎಲ್ಲ ಪದಗಳೂ ಬರುತ್ತಿದ್ದವು, ಒಂದೊಂದಾಗಿ. ಜೋಡಿಸಿ ಹೇಳಹೋದರೆ ಕೊನೆಯಲ್ಲಿ ದನಿ ಕರಗಿ, ಕಣ್ಣು ತುಂಬಿ, ಮಾತು ನಡುವೆಯೇ ಬಿದ್ದುಹೋಗುತ್ತಿತ್ತು. ಕಲ್ಲೇಶಪ್ಪ ಒಂದು ಮಧ್ಯಾಹ್ನ ಬಂದು ಕೂತು ಪಾಠ ಕೇಳಿದ. ಕೇಳಿ, ಎಲೆಯಡಿಕೆ ಹಾಕಿಕೊಂಡು, ನನ್ನನ್ನು ಅಂಗಳಕ್ಕೆ ಕರೆದ.

‘ತಂಗೀ, ಡೈಲಾಗು ಬಾಯಿಪಾಠ ಆಗೈತಿ. ಭಾವ ಇಲ್ಲ. ಬೈಯೂ ಮಾತು ಹೇಳೂವಾಗ ಆಕಿ ನಿನ್ನ ಮುದ್ದಾಡ್ಲಿಕ್ಕ ಹತ್ಯಾಳ. ಹೆಂಗ ಬರಬೇಕದು? ಸಿಟ್ಟು ತರಸು.’

‘ಲಕ್ವಾ ಹೊಡದವರಿಗೆ ಸಿಟ್ಟು ತರಿಸಬಾರದಲ್ರೀ ಕಾಕಾ.’

‘ಹೊಟ್ಟ್ಯಾಗ ಇಟಗೊಂಡು ಕೊರಗೂದು ಛಲೋ ಏನು? ವರ್ಷಾತು ಕೊರಗಾಕ ಹತ್ತಿ. ನೀ ಬಂದ ಹೊಸದಾಗ ಏನೂ ಕಲೀದ ಸಿಟ್ಟು ತರಸ್ತಿದ್ದಿ. ಈಗ ಸ್ವಲ್ಪ ಪ್ರಯತ್ನ ಮಾಡು.’

ಪ್ರಯತ್ನ ಮಾಡಿದೆ. ಸಾರಿಗೆ ಎರಡು ಪಟ್ಟು ಉಪ್ಪು ಹಾಕಿದೆ. ಅತ್ತೆ ಬಟ್ಟಲು ಪೂರ್ತಿ ಕುಡಿದು, ನೀರು ಕುಡಿದು, ನನ್ನ ತಲೆ ನೇವರಿಸಿದರು. ದೀಪ ಹಚ್ಚಿದ ಮೇಲೆ ಹೊಸ್ತಿಲ ಮೇಲೆ ಕೂತು ಕೂದಲು ಬಾಚಿದೆ; ಸಿಕ್ಕು ಬಿಡಿಸಲು ಎಡಗೈ ಚಾಚಿದರು. ಅವರ ಮಡಿಯ ಬೋಗುಣಿಯಲ್ಲಿ ಅಂಟು ಕುದಿಸಿ ಪುಸ್ತಕಕ್ಕೆ ರಟ್ಟು ಹಾಕಿದೆ. ರಟ್ಟು ಒತ್ತಿ ಹಿಡಿದು ಸಹಾಯ ಮಾಡಿದರು. ಒಳ್ಳೆಯವರಾಗಿಬಿಟ್ಟ ಅತ್ತೆಯಷ್ಟು ಕಷ್ಟದ ಜೀವ ಇನ್ನೊಂದಿಲ್ಲ.

ಕೊನೆಗೆ ಉಳಿದದ್ದು ಶಾವಿಗೆ. ಪಾರೋತೆವ್ವ ಮತ್ತು ಓಣಿಯ ಹೆಂಗಸರು ಬಂದು ನಮ್ಮ ಮನೆಗೆ ಆ ವರ್ಷದ ಶಾವಿಗೆ ಹೊಸೆದುಕೊಟ್ಟರು. ಅತ್ತೆ ಸೂರಿನ ಕೆಳಗೆ ಕಟ್ಟೆಯ ಮೇಲೆ ಕೂತು ಒಂದೊಂದು ಎಳೆಗೂ ಕಣ್ಣಿನಿಂದಲೇ ಅಪ್ಪಣೆ ಕೊಟ್ಟರು. ಹೊರಸಿನ ಮೇಲೆ ಹಳೆಯ ಸೀರೆ ಹಾಸಿ ಹರವಿದ್ದಾಯಿತು. ಮಧ್ಯಾಹ್ನವಾಗುವ ಹೊತ್ತಿಗೆ ಗುಡ್ಡದ ಕಡೆಯಿಂದ ಮೋಡ ಬಂತು. ನಾನು ಬಾಯವ್ವನ ಕುಂಡವನ್ನು ಅತ್ತೆಯ ಪಕ್ಕದಲ್ಲೇ ಇಟ್ಟು, ಅಂಗಳದಲ್ಲಿ, ಅವರಿಗೆ ಎದುರಾಗಿ, ಹೊರಸಿನ ಪಕ್ಕದಲ್ಲಿ ಒಂದು ಮಣೆ ಹಾಕಿಕೊಂಡು ಕೂತು ಪುಸ್ತಕ ತೆರೆದೆ.

ಮೊದಲ ಹನಿ ಪುಟದ ಮೇಲೆ ಬಿತ್ತು. ನಾನು ಪುಟ ತಿರುಗಿಸಿದೆ.

ಅತ್ತೆ ‘ಹೂಂ’ ಅಂದರು, ಮಳೆ ಬಂತು ನೋಡು ಎನ್ನುವ ಹಾಗೆ. ನಾನು ತಲೆ ಎತ್ತಲಿಲ್ಲ. ‘ಹೂಂ, ಹೂಂ,’ ಅಂದರು. ಹನಿ ದಪ್ಪವಾಯಿತು. ಶಾವಿಗೆಯ ಮೇಲೆ ಬಿದ್ದಲ್ಲೆಲ್ಲ ಚುಕ್ಕೆ ಮೂಡಿತು. ಓರೆಗಣ್ಣಿನಲ್ಲಿ ನೋಡಿದೆ: ಮುಖದಲ್ಲಿ ಮೊದಲು ಗಾಬರಿ, ಆಮೇಲೆ ಅನುಮಾನ. ನಾನು ಪುಸ್ತಕ ನೆನೆಯದಂತೆ ಅದರ ಮೇಲೆ ಸೆರಗು ಮುಚ್ಚಿಕೊಂಡು ಬಗ್ಗಿ ಓದತೊಡಗಿದೆ. ಅಕ್ಷರ ಒಂದೂ ಕಾಣುತ್ತಿರಲಿಲ್ಲ. ಇವರಿಗೇನಾದರೂ ಆದರೆ ಎಂಬ ಯೋಚನೆ ಬಂದು ಏಳಲು ಹೋದೆ. ಆ ಹೊತ್ತಿಗೆ ಹೊರಸಿನ ಒಂದು ಮೂಲೆಯಿಂದ ಶಾವಿಗೆ ಹಿಟ್ಟಾಗಿ ನೆಲಕ್ಕೆ ಜಾರಿತು.

‘ನೀ ಈ ಮನಿಗೆ ಬರಬಾರದಿತ್ತು.’

ಒಂದು ಅಕ್ಷರ ಕುಂದಿರಲಿಲ್ಲ. ಹಳೆಯ ದನಿ, ಹಳೆಯ ಸಿಟ್ಟು, ಕಣ್ಣಲ್ಲಿ ಒಂದು ಹನಿಯಿಲ್ಲ. ಪಾರೋತೆವ್ವ ತನ್ನ ಮನೆಯ ಬಾಗಿಲಿಗೆ ಬಂದು ನಿಂತದ್ದು ಕಂಡಿತು. ನಾನು ಪುಸ್ತಕವನ್ನು ಎಸೆದು ಓಡಿ, ಕುಂಡ ಎತ್ತಿ, ಬೈಸಿಕೊಂಡವರು ಹಿಡಿಯುವ ಹಾಗೆ ಎರಡೂ ಕೈಯಲ್ಲಿ ಅವರ ಬಾಯ ಮುಂದೆ ಹಿಡಿದೆ. ಒಳಗೆ ವರ್ಷದಿಂದ ಸುತ್ತುತ್ತಿದ್ದದ್ದು ತನ್ನ ಜೊತೆಯ ಸದ್ದು ಕೇಳಿದ ಹಾಗೆ ಬಾಗಿಲಿಂದ ಹೊರಬಂತು. ಹಸಿರು ಅಂಗೈಯಲ್ಲಿ ಕೂತಿತು, ಕೂದಲು ಅಲುಗಿತು. ಆಗಷ್ಟೇ ಆಡಿದ್ದು ಅದರ ಹಿಂದೆಯೇ ಕೂತಿತು. ಟಪ್.

ಹಲ್ಲುಗಳು ಒಂದರೊಳಗೊಂದು ಸೇರಿಕೊಂಡವು. ಸ್ವಲ್ಪ ಹೊತ್ತು ಒಳಗಿನಿಂದ ಗುಂಯ್ ಎನ್ನುವ ಸದ್ದು ಕೈಗೆ ತಾಕುತ್ತಿತ್ತು. ಆಮೇಲೆ ಅದೂ ನಿಂತಿತು. ಮನೆಯಲ್ಲಿ ಮಳೆಯ ಸದ್ದೊಂದೇ ಉಳಿಯಿತು. ಒಂದು ವರ್ಷದಿಂದ ನಾನು ಮಳೆಯ ಸದ್ದನ್ನು ಅದೊಂದನ್ನೇ ಕೇಳಿರಲಿಲ್ಲ.

ಅತ್ತೆ ನನ್ನನ್ನು ನೋಡಿದರು, ನೆನೆದ ಶಾವಿಗೆಯನ್ನು ನೋಡಿದರು, ಅಂಗಳದಲ್ಲಿ ಬೋರಲಾಗಿ ಬಿದ್ದು ನೆನೆಯುತ್ತಿದ್ದ ಪುಸ್ತಕವನ್ನು ನೋಡಿದರು. ಆಟ ಅರ್ಥವಾಯಿತು. ಎಡಗೈ ಎತ್ತಿದರು, ಹೊಡೆಯುತ್ತಾರೆಂದೇ ಅಂದುಕೊಂಡೆ. ನನ್ನ ಹಣೆಗೆ ಅಂಟಿದ್ದ ಒದ್ದೆ ಕೂದಲನ್ನು ಹಿಂದಕ್ಕೆ ಸರಿಸಿ, ಬಿಡಿಸಿಕೊಂಡ ನಾಲಿಗೆಯಿಂದ, ನಿಧಾನಕ್ಕೆ ಕೇಳಿದರು:

‘ಉಂಡೀ ಏನ?’

ಮಧ್ಯಾಹ್ನ ಮೀರಿತ್ತು. ಬೆಳಗಿನಿಂದ ನಾನು ಏನೂ ತಿಂದಿರಲಿಲ್ಲ. ಅದು ಅವರಿಗೆ ಗೊತ್ತಿತ್ತು. ಮಾತು ಸೂರಿನ ಕೆಳಗೆ ಹಾರಿ ಕಿಟಕಿಯ ಕಡೆ ಹೋದದ್ದನ್ನು ಇಬ್ಬರೂ ನೋಡಿದೆವು. ಇದನ್ನೂ ಅಂಟಕ್ಕ ತಿಂದುಬಿಡುತ್ತಾಳೆ ಅಂದುಕೊಂಡೆ. ಉಂಡೀ ಏನ ಎನ್ನುವುದು ಈ ಊರಿನಲ್ಲಿ ಬಂದುಹೋಗುವವರೆಲ್ಲ ಕೇಳುವ ಮಾತು, ಅಂಟಕ್ಕನ ದಿನದ ಊಟವೇ ಅದು. ಮಾತು ಅವಳ ಮೇಲೆ ಕೂತಿತು. ಅವಳ ಅಂಟು ಹನಿಗಳು ಎಳೆ ಎಳೆಯಾಗಿ ಹಿಗ್ಗಿದವು. ಆಮೇಲೆ ಒಂದೊಂದಾಗಿ ಹರಿದವು, ಮಾತು ಎದ್ದು ಒಳಗೆ ಅಡುಗೆಮನೆಯ ಕಡೆ ಹೋಯಿತು. ಅಂಟಕ್ಕನಿಗೆ ಅದು ಭಾರವಾಗಿತ್ತು.

ಅತ್ತೆ ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದುಕೊಂಡರು.

ಸಂಜೆ ನನ್ನ ಗಂಡ ಬಂದರು. ಹೊಸ್ತಿಲಲ್ಲಿ ನಿಂತು ಕಿವಿಗೊಟ್ಟರು. ಒಳಗೆ ಹೋಗಿ ಬಂದರು. ಮುಚ್ಚಿದ್ದ ಎಲೆಯನ್ನು ಬಗ್ಗಿ ನೋಡಿದರು. ‘ಎರಡನೇದು ಆತೇನು?’ ಅಂದರು. ಅತ್ತೆ ‘ಆತು’ ಅಂದರು. ನನ್ನ ಗಂಡ ಅಲ್ಲೇ ನೆಲದ ಮೇಲೆ ಕೂತು, ‘ಈ ವರ್ಷನೂ ಶಾವಿಗಿ ಇಲ್ಲ ಹಂಗಾರ’ ಅಂದರು. ಆ ಮಾತನ್ನು ಅಂಟಕ್ಕ ಪ್ರೀತಿಯಿಂದ ತೆಗೆದುಕೊಂಡಳು.

ಆಮೇಲೆ ಅತ್ತೆ ಬಹಳ ವರ್ಷ ಬದುಕಿದರು. ಕಾಲೆಳೆದುಕೊಂಡು ನಡೆದರು, ಎಡಗೈಯಲ್ಲಿ ಶಾವಿಗೆ ಹೊಸೆದರು, ಮಾತೂ ತಕ್ಕಮಟ್ಟಿಗೆ ಬಂತು. ಬೈಗುಳವೂ ಬಂತು, ದೀಪದ ಹೊತ್ತಿಗೆ ನಾನು ಕುಂಡ ಹಿಡಿದದ್ದೂ ಆಯಿತು. ಆದರೆ ಊಟವಾಯಿತೇ ಎಂದು ನನ್ನನ್ನು ಮತ್ತೊಂದು ಸಲ ಅವರು ಕೇಳಲಿಲ್ಲ. ನಾನು ಪುಸ್ತಕ ಹಿಡಿದು ಕೂತು ಹೊತ್ತು ಮೀರಿದಾಗಲೆಲ್ಲ ಅಡುಗೆಮನೆಯ ಬಾಗಿಲಿಗೆ ಬಂದು ನಿಂತು, ತುಟಿ ಬಿಗಿಹಿಡಿದು ನನ್ನನ್ನು ನೋಡುತ್ತಿದ್ದರು. ತಟ್ಟೆಯನ್ನು ಸದ್ದು ಮಾಡಿ ಇಡುತ್ತಿದ್ದರು. ಒಮ್ಮೆ ನನ್ನ ತವರಿನಿಂದ ಬಂದ ಅವ್ವ ವಾರವಿದ್ದು ಹೊರಡುವಾಗ ಬಸ್‌ಸ್ಟ್ಯಾಂಡಿನಲ್ಲಿ ಕಣ್ಣೊರೆಸಿಕೊಂಡು, ‘ನಿಮ್ಮತ್ತಿ ಎಂಥಾ ಹೆಣಮಗಳು, ಒಂದ ದಿನಾನೂ ಉಂಡೀ ಏನು ಅಂತ ಕೇಳಲಿಲ್ಲಲ್ಲವಾ ನಿನ್ನ’ ಅಂದಳು. ನಾನು ನಕ್ಕೆ. ಅವಳ ಚೀಲವನ್ನು ಬಸ್ಸಿನೊಳಗೆ ಇಟ್ಟೆ.

ಕೊನೆಯ ಎರಡು ದಿನ ಅತ್ತೆಗೆ ಜ್ವರದ ಕನವರಿಕೆ. ಏನೇನೋ ಅನ್ನುತ್ತಿದ್ದರು. ಮಹಾರುದ್ರ ತಾವಾಗಿಯೇ ಎದ್ದು ಬಾಯವ್ವನ ಕುಂಡವನ್ನು ಪಾರೋತೆವ್ವನ ಮನೆಯಲ್ಲಿಟ್ಟು ಬಂದರು. ಕನವರಿಕೆಯಲ್ಲಿ ಉಂಡೀ ಏನ ಎಂಬುದು ಎರಡನೆಯ ಸಲ ಬಂದುಬಿಟ್ಟರೆ ಎಂದು. ಆ ಮನುಷ್ಯನ ಅಷ್ಟೂ ಮಾತಿಗಿಂತ ದೊಡ್ಡ ಕೆಲಸ ಅದು. ಆ ಎರಡೂ ದಿನ ಅತ್ತೆ ಕರೆದದ್ದು ತಮ್ಮ ಅವ್ವನನ್ನು, ತಮ್ಮ ಗಂಡನನ್ನು. ಆ ಒಂದು ಮಾತಿನ ಹತ್ತಿರಕ್ಕೂ ನಾಲಿಗೆ ಹೋಗಲಿಲ್ಲ. ಎಚ್ಚರ ತಪ್ಪಿದಾಗಲೂ ಕಾಯ್ದುಕೊಂಡಿದ್ದರು.

ಈಗ ಆ ಮಾತನ್ನು ಎರಡನೆಯ ಸಲ ಆಡುವವರು ಲೋಕದಲ್ಲಿ ಇಲ್ಲ. ಬಾಯವ್ವ ಅಡುಗೆಮನೆಯ ಬಾಗಿಲಲ್ಲೇ ಬಾಯಿ ತೆರೆದುಕೊಂಡು ಇರುತ್ತಾಳೆ. ಮಾತು ಅವಳ ಮೇಲೆ ಕೂತು ಏಳುತ್ತದೆ, ಕೂದಲು ಅಲುಗುತ್ತದೆ, ಅವಳು ಕಾಯುತ್ತಾಳೆ. ಗಾಣಿಗೇರ ಮನೆಯವರಿಗೆ ಮುಖ ತಿರುಗಿಸುವ ಮಾತು ಬಂತು, ನಮಗೆ ಇದು ಬಂತು. ವಾಚನಾಲಯದಿಂದ ತಂದ ಪುಸ್ತಕದಲ್ಲಿ ಮುಳುಗಿ ನಾನು ಹೊತ್ತು ಮರೆತಾಗ ಸರಿಯಾಗಿ ಕಿವಿಯ ಹತ್ತಿರ ಬರುತ್ತದೆ: ಉಂಡೀ ಏನ?

‘ಇಲ್ಲರಿ ಅತ್ತೀ, ಈಗ ಏಳ್ತೀನಿ,’ ಎನ್ನುತ್ತೇನೆ. ದಿನಾ ಅದೇ ಉತ್ತರ, ಅದೇ ಬಾಯಿ. ಟಪ್ಪನೆ ಬಾಯವ್ವ ಅದನ್ನು ಮುಗಿಸುತ್ತಾಳೆ. ನನ್ನ ಉತ್ತರಗಳನ್ನು ತಿಂದು ತಿಂದು ಅವಳಿಗೆ ಹೊಸ ಎಲೆ ಬಂದಿವೆ, ಈ ವರ್ಷ ಗೇಣುದ್ದದ ಕಡ್ಡಿಯ ಮೇಲೆ ಹೂವೂ ಬಂದಿದೆ. ಕೇಳಿದ್ದು ಮಾತ್ರ ಹಾಗೇ ಇದೆ. ನಾನು ಪುಸ್ತಕ ಮಡಿಸಿ, ತಟ್ಟೆ ಹಾಕಿಕೊಳ್ಳುತ್ತೇನೆ.